ಈ ವಾರ ಊರಲ್ಲಿ

ಹಾರ್ಲೋ ಬೇ ವಾರಪತ್ರಿಕೆಯ
ಏಳನೆಯ ಪುಟದ ಎಡಗಡೆ ಕಾಲಮ್ಮು ನನ್ನದು.
ಹದಿನಾರು ವರ್ಷವಾಯಿತು.
ಕಾಗದದ ಗಿರಣಿ ಮುಚ್ಚಿದ ಮೇಲೆ ಪುಟಗಳು ಇಳಿದವು,
ಮೂವತ್ತೆರಡರಿಂದ ಹನ್ನೆರಡಕ್ಕೆ.
ಈಗ ಕಾಗದವನ್ನೂ ಹೊರಗಿನಿಂದ ತರಿಸುತ್ತಾರೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಸಮುದಾಯ ಭವನದಲ್ಲಿ ಪ್ಯಾನ್‌ಕೇಕು,
ದೊಡ್ಡವರಿಗೆ ಎಂಟು ಡಾಲರು, ಐದರೊಳಗಿನವರಿಗೆ ಬಿಟ್ಟಿ.
ಚರ್ಚಿನ ನೆಲಮಾಳಿಗೆಯಲ್ಲಿ ಬೀನ್ಸ್ ಊಟ, ತಟ್ಟೆ ನೀವೇ ತರಬೇಕು.
ಮೂರನೇ ನಂಬರಿನ ಬಸ್ಸು ಇನ್ನು ಆಸ್ಪತ್ರೆಯ ತನಕ ಹೋಗುವುದಿಲ್ಲ;
ಅಹವಾಲು ಇದ್ದವರಿಗೆ ಮಂಗಳವಾರ ಸಭೆ.
ಸಭೆಯ ಸ್ಥಳ: ಆಸ್ಪತ್ರೆ.
(ಇದನ್ನು ಬೇಕೆಂದೇ ಹಾಗೇ ಬಿಟ್ಟೆ. ಯಾರೂ ನಗಲಿಲ್ಲ.)
ಕರ್ಲಿಂಗ್ ಕ್ಲಬ್ಬಿನ ಹತ್ತಿರ ಒಂದು ಕೆಂಪು ಕೈಗವಸು ಸಿಕ್ಕಿದೆ,
ಎಡಗೈಯದು.

ಪ್ರತಿ ವರದಿಯ ಕೊನೆಗೆ ಒಂದು ಸಾಲು:
ಕುರ್ಚಿ ಹಾಕಿದವರು ರೋಸೇರ್ ಪೆಲ್ತಿಯೆ, ಅವರಿಗೆ ವಂದನೆ.
ಹೆಸರನ್ನು ಎರಡು ಸಲ ತಪ್ಪು ಬರೆದಿದ್ದೇನೆ,
ಅವನು ಒಂದು ಸಲವೂ ಹೇಳಲಿಲ್ಲ.
ಮದುವೆಗೆ, ಬಿಂಗೋಗೆ, ಬಜೆಟ್ಟಿನ ಸಭೆಗೆ
ಸಾಲಿಗೆ ಹನ್ನೆರಡರಂತೆ ಉಕ್ಕಿನ ಕುರ್ಚಿ,
ಕೈಗೆ ನಾಲ್ಕು, ಸದ್ದಾಗದಂತೆ.
ಕೊನೆಯ ಸಾಲಿನ ಹಿಂದೆ, ಗೋಡೆಗೊರಗಿ
ತಾನು ಮಾತ್ರ ನಿಂತೇ ಇರುತ್ತಾನೆ.

ಜನವರಿಯಲ್ಲಿ ಸಾಮಾಜಿಕ ಯೋಜನಾ ಮಂಡಳಿಯ ಡೆಲ್ಮಾ ನಬಿಗನ್
ನನಗೊಂದು ರಟ್ಟು, ಹಳದಿ ಜಾಕೀಟು, ಪೆನ್ಸಿಲು ಕೊಟ್ಟಳು.
ಪೆನ್ನು ಬೇಡ, ಶಾಯಿ ಹೆಪ್ಪುಗಟ್ಟುತ್ತದೆ ಅಂದಳು.
ಮನೆಯಿಲ್ಲದವರನ್ನು ಎಣಿಸುವ ರಾತ್ರಿ.
ಮೈನಸ್ ಇಪ್ಪತ್ತೊಂಬತ್ತು.
ಇದು ಎರಡು ವರ್ಷಕ್ಕೊಮ್ಮೆ;
ಸರೋವರದ ಮೀನು ಎಣಿಸುವವರು ಪ್ರತಿ ವರ್ಷ ಬರುತ್ತಾರೆ.

ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಮೂವರು.
ಎಟಿಎಂ ಗೂಡಿನಲ್ಲಿ ಒಬ್ಬಳು, ಬೂಟು ಬಿಚ್ಚಿರಲಿಲ್ಲ.
ಆಮೇಲೆ, ಫ್ಲಾಸ್ಕಿಗೆ ಬಿಸಿನೀರು ತುಂಬಿಕೊಳ್ಳೋಣವೆಂದು
ಭವನದ ಹಿಂಬಾಗಿಲು ತೆಗೆದೆ.
ಬಾಯ್ಲರ್ ಕೋಣೆಯಲ್ಲಿ ದೀಪ.
ಎಂಟು ಕುರ್ಚಿ, ನಾಲ್ಕಕ್ಕೆ ನಾಲ್ಕು ಎದುರುಬದುರು,
ಮೇಲೆ ನಾಟಕದ ಹಳೇ ಪರದೆ,
ಪರದೆ ಹೊದ್ದು ರೋಸೇರ್, ಕನ್ನಡಕ ಹಾಕಿಕೊಂಡು
ನನ್ನ ಏಳನೆಯ ಪುಟ ಓದುತ್ತಿದ್ದ.

ಇಬ್ಬರೂ ಸ್ವಲ್ಪ ಹೊತ್ತು ಬಾಯ್ಲರನ್ನೇ ನೋಡಿದೆವು.
"ಪ್ಯಾನ್‌ಕೇಕು ಎಂಟಕ್ಕೋ, ಎಂಟೂವರೆಗೋ?"
ಎಂಟಕ್ಕೆ ಅಂದೆ.
"ಹಾಗಾದರೆ ಆರಕ್ಕೇ ಶುರು ಮಾಡಬೇಕು."

ನಾಲ್ಕನೆಯ ಪ್ರಶ್ನೆ: ಇಂದು ರಾತ್ರಿ ನೀವು ಎಲ್ಲಿ ಮಲಗುತ್ತೀರಿ?
ಪದ ಬದಲಿಸುವಂತಿಲ್ಲ, ತರಬೇತಿಯಲ್ಲಿ ಹೇಳಿದ್ದರು.
ಕೇಳಿದೆ.
ಅವನು ಸುತ್ತ ಒಮ್ಮೆ ನೋಡಿದ,
ಉತ್ತರ ಗೋಡೆಯ ಮೇಲೆಲ್ಲಾದರೂ ಇದ್ದೀತು ಎಂಬಂತೆ.
"ಬರೆದುಕೋ. ಹೆಸರು ಬೇಡ."
ಫಾರಮ್ಮಿನಲ್ಲಿ ಹೆಸರಿಗೆ ಜಾಗವೇ ಇರಲಿಲ್ಲ.
ಇಷ್ಟು ವರ್ಷ ಆಟಕ್ಕಿದ್ದವನು
ಪೆನ್ಸಿಲಿನ ಒಂದು ಗೀಟಿಗೆ ಲೆಕ್ಕಕ್ಕೆ ಬಂದ.

ಮಾರ್ಚಿನ ಸಭೆಯಲ್ಲಿ ಡೆಲ್ಮಾ ಸಂಖ್ಯೆ ಓದಿದಳು: ನಲವತ್ತೆರಡು.
ನಮ್ಮಂಥ ಊರಿಗೆ ಅದೇನೂ ಹೆಚ್ಚಲ್ಲ ಅಂದ ಕೌನ್ಸಿಲರ್ ಪಿಂಕ್ನಿ,
ದುಂಡಗೆ ನಲವತ್ತು ಅನ್ನೋಣ.
"ಯಾವ ಇಬ್ಬರನ್ನು ಬಿಡಲಿ?" ಡೆಲ್ಮಾ ಕೇಳಿದಳು.
ನಾನು ತಿರುಗಿ ನೋಡಲಿಲ್ಲ.
ತಡವಾಗಿ ಬಂದವರೊಬ್ಬರಿಗೆ ಹಿಂದೆ ಯಾರೋ
ಸದ್ದಿಲ್ಲದೆ ಕುರ್ಚಿ ಬಿಡಿಸುತ್ತಿದ್ದರು.

ಈ ವಾರದ ಮೊದಲ ಸುದ್ದಿ, ನಗರಸಭೆಯಿಂದ ಬಂದದ್ದು:
ಬಾಯ್ಲರ್ ರಿಪೇರಿಗಾಗಿ ಭವನ ಹತ್ತು ದಿನ ಮುಚ್ಚಿರುತ್ತದೆ.
ಟೈಪು ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ.
ಕಾಲಮ್ಮಿನ ಬುಡದಲ್ಲಿ ಎರಡು ಸಾಲಿನ ಜಾಗ ಉಳಿಯಿತು.
ಬರೆದೆ: ಒಂದು ಕೋಣೆ ಬೇಕಾಗಿದೆ.
ಬರುವವರು ರಾತ್ರಿ ಸದ್ದು ಮಾಡುವುದಿಲ್ಲ.

ಇದು ಜಾಹೀರಾತು, ದುಡ್ಡಾಗುತ್ತದೆ ಅಂದ ಸಂಪಾದಕ.
ನನ್ನ ಸಂಬಳದಲ್ಲಿ ಹಿಡಿ ಅಂದೆ.
ಯಾವ ಸಂಬಳ ಅಂದ. ಹಾಕಿದ.

ಗುರುವಾರ ಫೋನು ಬಂತು.
ಕೈಗವಸಿನ ಬಗ್ಗೆ.